ಹೊಸ ಬ್ಯಾಟರಿ, ಹೊಸ ಬ್ರಷ್, ಆದ್ರೂ 'ಟಕ್': ಸೆಲ್ಫ್ ತಗೊಳ್ಳದ ಒಂದು ಕಾರಿನ ಪ್ರಕರಣ

ಕಾರು ಸ್ಟಾರ್ಟ್ ಆಗದ ಕೇಸು ನಮ್ಮಲ್ಲಿಗೆ ಮಳೆಗಾಲದಲ್ಲಿ ದಿನಾ ಬರ್ತವೆ, ಅದನ್ನೆಲ್ಲ ಬರೆದಿಡೋಕೆ ಹೋಗಲ್ಲ. ಇದನ್ನ ಬರೀತಿರೋದು ಯಾಕಂದ್ರೆ ಈ ಕಾರಿಗೆ ಮಾಡಿದ ರಿಪೇರಿ ಹೆಚ್ಚುಕಮ್ಮಿ ಎಲ್ಲಾನೂ ಕೆಲಸ ಮಾಡ್ತು. ಬ್ಯಾಟರಿ ಬದಲಿಸಿದ್ರು, ಸ್ಟಾರ್ಟ್ ಆಯ್ತು. ಎಂಜಿನ್ ತಿರುಗಿಸೋ ಸೆಲ್ಫ್ ಮೋಟರಿಗೆ ಸ್ಪ್ಯಾನರಲ್ಲಿ ಎರಡು ಬಿಟ್ರು, ಸ್ಟಾರ್ಟ್ ಆಯ್ತು. ಸೆಲ್ಫ್ ಬಿಚ್ಚಿ ಪೂರ್ತಿ ಕಟ್ಟಿಸಿದ್ರು, ಆಗ್ಲೂ ಆಯ್ತು. ಪ್ರತಿ ಸಲ ಎಲ್ರಿಗೂ ಸಮಾಧಾನ, ಪ್ರತಿ ಸಲ ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ 'ಟಕ್'. ಆ ಒಂದೊಂದು ರಿಪೇರಿ ಯಾಕೆ ಕೆಲಸ ಮಾಡ್ತು ಅಂತ ಯಾರಾದ್ರೂ ಕೂತು ಕೇಳಿದ್ರೆ ಜೂನಲ್ಲೇ ಮುಗೀಬೇಕಿದ್ದ ವಿಷಯ ಇದು, ನವೆಂಬರ್ ತನಕ ಹೋಯ್ತು.

ನಾನು ಕರಾವಳಿ ಕಡೆ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡೋನು. ಕಾರಿನ ಯಜಮಾನ್ರು ಒಬ್ಬ ರಿಟೈರ್ಡ್ ಮಾಸ್ತರು, ಅವರ ಹೆಸರು ಊರು ಬೇಡ, ಇಲ್ಲಿ ಮಾಸ್ತರು ಅಂತ್ಲೇ ಕರೀತೀನಿ. ಗ್ಯಾರೇಜುಗಳ ಹೆಸರೂ ಇಲ್ಲ, ಕಾರಿನ ಕಂಪನಿ ಹೆಸರೂ ಇಲ್ಲ. ಕಂಪನಿ ಹೆಸರು ಬರೆದ್ರೆ "ಓ ಆ ಕಾರಾ, ಅದು ಹಾಗೇ ಬಿಡಿ" ಅಂತ ಓದೋದು ನಿಲ್ಲಿಸ್ತಾರೆ, ಆದ್ರೆ ಈ ತೊಂದ್ರೆ ಯಾವ ಕಾರಿಗೆ ಬೇಕಾದ್ರೂ ಬರಬಹುದು.

ಹಿನ್ನೆಲೆ

2011ರ ಮಾಡೆಲ್, ಸಣ್ಣ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಕ್ಲಚ್ಚೂ ಕೇಬಲ್ಲೇ, ಆಕ್ಸಿಲರೇಟರೂ ಕೇಬಲ್ಲೇ, ಇದು ಮುಂದೆ ಬೇಕಾಗುತ್ತೆ, ನೆನಪಿಟ್ಕೊಳ್ಳಿ. ಓಡಿದ್ದು ಕಮ್ಮಿ. ಪೇಟೆಗೆ, ಮದುವೆ ಮುಂಜಿಗೆ, ಆಮೇಲೆ ತಿಂಗಳಿಗೊಮ್ಮೆ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಲಿರೋ ಮಗಳ ಮನೆಗೆ. ಮನೆ ಇರೋದು ಸಮುದ್ರದ ಗಾಳಿ ನೇರ ಹೊಡೆಯೋ ಜಾಗದಲ್ಲಿ, ಅಲ್ಲಿ ಗೇಟಿಗೆ ವರ್ಷ ವರ್ಷ ಪೇಂಟ್ ಹೊಡೀದೇ ಇದ್ರೆ ತುಕ್ಕು ಪದರ ಪದರ ಕಿತ್ತು ಬರುತ್ತೆ.

ತೊಂದ್ರೆ ಶುರುವಾದ ವರ್ಷ ಮೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಸವೆದು ಹೋಗಿತ್ತು. ಗ್ಯಾರೇಜಲ್ಲಿ ಗೇರ್‌ಬಾಕ್ಸ್ ಇಳಿಸಿ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಎಲ್ಲ ಹೊಸದು ಹಾಕಿದ್ರು. ಹೇಗೂ ಮಳೆಗಾಲ ಬರ್ತಿದೆ, ಗಾಡಿ ಮೇಲೇರಿಸಿದೆ ಅಂತ ಅಡಿಗೆಲ್ಲ ತುಕ್ಕು ಹಿಡೀದಿರೋ ಹಾಗೆ ಕರಿ ಕೋಟಿಂಗ್ ಹೊಡ್ಸಿದ್ರು. ಒಳ್ಳೇ ಕೆಲಸಾನೇ, ನಮ್ಮ ಕಡೆ ಹೊಡ್ಸಲೇಬೇಕು.

ಇದು ನನಗೆ ಗೊತ್ತಾಗಿದ್ದು ತುಂಬ ತಡವಾಗಿ. ನಡುವೆ ಕಾರು ನೋಡಿದ ಯಾರೂ "ಈ ತೊಂದ್ರೆ ಶುರು ಆಗೋಕೆ ಮುಂಚೆ ಕೊನೇದಾಗಿ ಏನು ಕೆಲಸ ಮಾಡ್ಸಿದ್ರಿ" ಅಂತ ಮಾಸ್ತರನ್ನ ಕೇಳಿರ್ಲಿಲ್ಲ. ಅವರೂ ಹೇಳಿರ್ಲಿಲ್ಲ, ಕ್ಲಚ್ಚಿಗೂ ಸ್ಟಾರ್ಟಿಗೂ ಏನು ಸಂಬಂಧ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು.

ತೊಂದರೆ

ಆರಿದ್ರಾ ಮಳೆ ಹಿಡಿದ ವಾರ. ಬೆಳಿಗ್ಗೆ ಕೀ ತಿರುಗಿಸಿದ್ರೆ ಮೀಟರ್ ಬೋರ್ಡಿನ ಲೈಟೆಲ್ಲ ಚೆನ್ನಾಗಿ ಬಂತು, ಹಿಂದಿಂದ ಪೆಟ್ರೋಲ್ ಪಂಪು ಸದ್ದು ಮಾಡ್ತು, ಇನ್ನೊಂಚೂರು ತಿರುಗಿಸಿದ್ರೆ ಬಾನೆಟ್ ಒಳಗೆ ಒಂದೇ ಒಂದು 'ಟಕ್'. ಎಂಜಿನ್ ಅಲ್ಲಾಡ್ಲೇ ಇಲ್ಲ. ಬಿಟ್ಟು ಬಿಟ್ಟು ತಿರುಗಿಸಿದ್ಮೇಲೆ ಯಾವಾಗ್ಲೋ ಒಮ್ಮೆ ಹಿಡೀತು.

ಇಲ್ಲಿ ಒಂದು ಮಾತು. ಫೋನಲ್ಲಿ ಎಲ್ರೂ ಹೇಳೋದು "ಸ್ಟಾರ್ಟ್ ಆಗ್ತಿಲ್ಲ" ಅಂತ. ಅದ್ರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ. ಕೀ ತಿರುಗಿಸಿದ್ರೆ ಸೆಲ್ಫ್ ಚೆನ್ನಾಗಿ ಹೊಡೀತದೆ, ಎಂಜಿನ್ ತಿರುಗ್ತದೆ, ಆದ್ರೆ ಹಿಡಿಯಲ್ಲ ಅಂದ್ರೆ ಹುಡುಕಬೇಕಾದ್ದು ಪೆಟ್ರೋಲು, ಸ್ಪಾರ್ಕು, ಸೆನ್ಸರು, ಕೀ ಚಿಪ್ಪು (ಕಳ್ಳತನ ತಡೆಯೋಕೆ ಕೀ ಒಳಗಿರೋ ಎಲೆಕ್ಟ್ರಾನಿಕ್ ಚಿಪ್) ಈ ಕಡೆ. ಎಂಜಿನ್ ತಿರುಗೋದೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಅದ್ಯಾವ್ದನ್ನೂ ಮುಟ್ಟೋ ಅಗತ್ಯ ಇಲ್ಲ, ಬಹಳಷ್ಟು ಸಲ ತೊಂದ್ರೆ ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೋಗಿ ವಾಪಸ್ ಬ್ಯಾಟರಿಗೆ ಬರೋ ದಾರೀಲೇ ಎಲ್ಲೋ ಇದೆ. ಹಾಗಾಗಿ ನಾನು ಮೊದಲು ಕೇಳೋದು ಏನು ಸದ್ದು ಬರುತ್ತೆ ಅಂತ. ಒಂದೇ 'ಟಕ್' ಅಂದ್ರೆ ಸಾಮಾನ್ಯವಾಗಿ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟು ಬಿಡೋ ಸ್ವಿಚ್ಚು) ಎಳೀತಿದೆ ಆದ್ರೆ ಮೋಟರಿಗೆ ತಿರುಗೋಷ್ಟು ಕರೆಂಟ್ ಹೋಗ್ತಿಲ್ಲ. 'ಕಟಕಟಕಟ' ಅಂತ ಬಡ್ಕೊಂಡ್ರೆ ಬಹಳಷ್ಟು ಸಲ ಬ್ಯಾಟರಿ ವೋಲ್ಟೇಜ್ ಕುಸೀತಿದೆ, ಸೊಲೆನಾಯ್ಡ್ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡ್ತಿದೆ ಅಂತ. ಮಾಸ್ತರ ಕಾರಿಂದು ಶುರುವಿಂದ ಕೊನೆ ತನಕ ಒಂಟಿ 'ಟಕ್'.

ಏನೇನು ಮಾಡಿದ್ರು

ಮೊದಲ ಸಲ ಪೂರ್ತಿ ಕೈಕೊಟ್ಟಾಗ ಪಕ್ಕದ ಮನೆ ಹುಡುಗ, ಗೂಡ್ಸ್ ಟೆಂಪೋ ಓಡಿಸೋನು, ಜಂಪ್ ಕೇಬಲ್ ತಂದು ಹಾಕಿ ಸ್ಟಾರ್ಟ್ ಮಾಡ್ಕೊಟ್ಟ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕರಿ ಕ್ಲಿಪ್ಪನ್ನ ಮಾತ್ರ ಬ್ಯಾಟರಿಗೆ ಹಾಕ್ದೆ ಎಂಜಿನ್ ಎತ್ತೋ ಕಬ್ಬಿಣದ ಹುಕ್ಕಿಗೆ ಕಚ್ಚಿಸಿದ್ದ. ಅದೇ ಸರಿಯಾದ ಪದ್ಧತಿ, ಕೊನೇ ಕ್ಲಿಪ್ಪು ಕಚ್ಚಿಸೋವಾಗ ಕಿಡಿ ಹಾರುತ್ತೆ, ಬ್ಯಾಟರಿ ಹತ್ರ ಹೈಡ್ರೋಜನ್ ಗ್ಯಾಸ್ ಇದ್ರೆ ಅಪಾಯ, ಅದಕ್ಕೆ ದೂರ ಎಂಜಿನ್ ಕಬ್ಬಿಣಕ್ಕೆ ಹಾಕೋದು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ಅಲ್ಲಿ ನಿಂತವರೆಲ್ಲ ತೀರ್ಮಾನ ಮಾಡಿದ್ರು: ಬ್ಯಾಟರಿ ಹೋಯ್ತು.

ಬ್ಯಾಟರಿಗೆ ಮೂರು ವರ್ಷ ದಾಟಿತ್ತು, ಅಂಗಡಿಯವರು ಮೀಟರ್ ಇಟ್ರೆ 12.3 ವೋಲ್ಟ್ ತೋರಿಸ್ತು. ಫುಲ್ ಚಾರ್ಜ್ ಆಗಿರೋ ಬ್ಯಾಟರಿ ಸುಮ್ನೆ ಇಟ್ಟಾಗ 12.6, 12.7 ತೋರಿಸಬೇಕು, 12.3 ಅಂದ್ರೆ ಅರ್ಧಕ್ಕಿಂತ ಸ್ವಲ್ಪ ಮೇಲೆ. ಯಾಕೆ ಅರ್ಧ ಮಾತ್ರ ಇದೆ, ಬ್ಯಾಟರಿ ಹಿಡಿಯಲ್ವಾ ಅಥವಾ ಅದನ್ನ ಚಾರ್ಜ್ ಮಾಡೋ ಡೈನಮೋ (ಆಲ್ಟರ್ನೇಟರ್) ಕೊಡಲ್ವಾ ಅಂತ ನೋಡ್ಬೇಕಿತ್ತು. ಲೋಡ್ ಹಾಕಿ ಟೆಸ್ಟ್ ಮಾಡ್ಲಿಲ್ಲ, ಹಳೇದಕ್ಕೆ ಇಷ್ಟು ಕಡಿಮೆ ಮಾಡ್ತೀವಿ ಅಂದ್ರು, ಹೊಸದು ಹಾಕಿದ್ರು. ಕಾರು ಜುಮ್ ಅಂತ ಸ್ಟಾರ್ಟ್. ಸ್ವಲ್ಪ ಕಾಲ ತೊಂದ್ರೆ ಇಲ್ಲ.

ಇದರ ನಡುವೆ ಒಂದು ಚಿಲ್ಲರೆ ದೂರು ಇತ್ತು, ಕ್ಲಚ್ ಪೆಡಲ್ ಬಿಗಿ ಆಗ್ತಿದೆ ಅಂತ. ಕ್ಲಚ್ ಕೆಲಸ ಈಗಷ್ಟೇ ಮಾಡ್ಸಿದ್ದು, ಏನೋ ಸರಿ ಕೂರಿಸಿಲ್ಲ ಅಂತ ಮಾಸ್ತರು ಗ್ಯಾರೇಜಿಗೆ ಬೈದ್ರು, ಅವರು ಕೇಬಲ್ ಬದಲಿಸಿ ಕೊಟ್ರು. ಒಂದು ತಿಂಗಳಲ್ಲಿ ಹೊಸ ಕೇಬಲ್ಲೂ ಬಿಗಿ ಆಯ್ತು. ಕೇಬಲ್ಲೇ ಡೂಪ್ಲಿಕೇಟ್ ಇರ್ಬೇಕು ಅಂತ ಬಿಟ್ಟುಬಿಟ್ರು. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಸುಳಿವು ಇದೇ, ಆದ್ರೆ ಬೇರೆ ದೂರು, ಬೇರೆ ದಿನ, ಬೇರೆ ಬಿಲ್ಲು ಆಗಿದ್ದಕ್ಕೆ ಯಾರೂ ಎರಡನ್ನೂ ಜೋಡಿಸ್ಲಿಲ್ಲ.

ಚೌತಿ ಹೊತ್ತಿಗೆ ಮತ್ತೆ 'ಟಕ್'. ಈಗ ಬ್ಯಾಟರಿ ಹೊಸದು, ಹಾಗಾಗಿ ಬ್ಯಾಟರಿ ಅಲ್ಲ ಅಂತ ಎಲ್ರಿಗೂ ಧೈರ್ಯ. ಮನೆಗೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ, ಕೆಳಗೆ ಕೈ ಹಾಕಿ, "ಮಾಸ್ತರ್ರೇ ಕೀ ಹಿಡ್ಕೊಳಿ" ಅಂತ ಹೇಳಿ ಸೆಲ್ಫ್ ಮೋಟರ್ ಮೈಗೆ ಸ್ಪ್ಯಾನರಲ್ಲಿ ಬಡಿದ. ತಿರುಗ್ತು. ಇದು ಹಳೇ ಉಪಾಯ, ಮೋಟರ್ ಒಳಗೆ ಕರೆಂಟು ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದು ಸಿಕ್ಕಿಹಾಕ್ಕೊಂಡಿದ್ರೆ ಬಡಿದಾಗ ಸ್ವಲ್ಪ ಕೂತ್ಕೊಳ್ಳುತ್ತೆ, ಮೋಟರ್ ತಿರುಗುತ್ತೆ. ಅವನ ತೀರ್ಮಾನದಲ್ಲಿ ಮೂರ್ಖತನ ಏನೂ ಇರ್ಲಿಲ್ಲ, ಹತ್ತರಲ್ಲಿ ಏಳೆಂಟು ಕಾರಿಗೆ ಅದೇ ಸರಿ ಇರ್ತಿತ್ತೇನೋ. ಸೆಲ್ಫ್ ಬಿಚ್ಚಿ ಪೇಟೆಗೆ ಕಳಿಸಿ ಬ್ರಷ್ಷು, ಬುಷ್ಷು, ಸೊಲೆನಾಯ್ಡಿನ ತಾಮ್ರದ ಪಾಯಿಂಟು ಎಲ್ಲ ಹೊಸದು ಹಾಕ್ಸಿ ತಂದು ಕೂರ್ಸಿದ್ರು. ಹತ್ತು ಹನ್ನೆರಡು ದಿನ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಊಹೆಯ ಮೇಲೆ ಊಹೆ. ಯಾರೋ ಕೀ ಚಿಪ್ಪು ಅಂದ್ರು. ಇನ್ನೊಂದು ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು, ಲೋ ವೋಲ್ಟೇಜ್ ಅಂತ ಒಂದು ಹಳೇ ಕೋಡ್ ಬಿಟ್ರೆ ಏನೂ ಇಲ್ಲ. ಅಲ್ಲಿನ ಹುಡುಗ ಮಲ್ಟಿಮೀಟರಲ್ಲಿ ಅರ್ತ್ (ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಬರೋ ದಾರಿ) ಕೂಡ ಚೆಕ್ ಮಾಡಿದ್ದ, ಬ್ಯಾಟರಿ ಮೈನಸ್ಸಿಂದ ಎಂಜಿನ್‌ಗೆ ಬೀಪ್ ಹೊಡೀತಿತ್ತು, ಅರ್ತ್ ಓಕೆ ಅಂತ ಬರೆದುಬಿಟ್ಟ. ಆಮೇಲೆ ಇಗ್ನಿಷನ್ ಸ್ವಿಚ್ ಬದಲಿಸಿದ್ರು, ಅದ್ರಿಂದ ಒಂದು ದಿನಕ್ಕೂ ಪ್ರಯೋಜನ ಆಗ್ಲಿಲ್ಲ. ನಾನು ಹೇಳೋದಾದ್ರೆ ಈ ಕೇಸಲ್ಲಿ ಪ್ರಾಮಾಣಿಕವಾಗಿ ಫೇಲ್ ಆದ ರಿಪೇರಿ ಅದೊಂದೇ, ಬಾಕಿ ಎಲ್ಲ ಪಾಸಾದ ಹಾಗೆ ನಾಟಕ ಮಾಡಿದ್ವು.

ಘಟ್ಟದ ಮೇಲೆ ಸಿಕ್ಕ ತಿರುವು

ನವೆಂಬರಲ್ಲಿ ಮಾಸ್ತರು ಶಿರಸಿಯಿಂದ ವಾಪಸ್ ಬರ್ತಾ ದೇವಿಮನೆ ಘಟ್ಟದ ಹತ್ರ ಚಾ ಕುಡಿಯೋಕೆ ನಿಲ್ಲಿಸಿದ್ರು, ಆಮೇಲೆ 'ಟಕ್'. ಒಬ್ಬ ಟ್ಯಾಕ್ಸಿ ಡ್ರೈವರ್ ಪಾಪ ತಾನೇ ನಿಲ್ಲಿಸಿ ಜಂಪ್ ಕೇಬಲ್ ತೆಗೆದ. ಕೆಂಪು ಪ್ಲಸ್ಸಿಗೆ, ಕರಿ ನೇರ ಬ್ಯಾಟರಿ ಮೈನಸ್ಸಿಗೆ. ಏನೂ ಆಗ್ಲಿಲ್ಲ. ಕ್ಲಿಪ್ಪು ಅಲ್ಲಾಡಿಸಿದ್ರು, ಟ್ಯಾಕ್ಸಿ ಎಂಜಿನ್ ರೇಸ್ ಮಾಡಿದ್ರು, ಇಲ್ಲ. ಕಡೆಗೆ ಇಳಿಜಾರಲ್ಲಿ ತಳ್ಳಿ, ಎರಡನೇ ಗೇರಲ್ಲಿ ಕ್ಲಚ್ ಬಿಟ್ಟಾಗ ತಕ್ಷಣ ಹಿಡೀತು.

ಮಾರನೇ ದಿನ ಮಾಸ್ತರು ನನಗೆ ಫೋನ್ ಮಾಡಿ ಕೇಳಿದ್ರು. "ತಮಾ, ಜೂನಲ್ಲಿ ಕೇಬಲ್ ಹಾಕಿದ್ದೇ ಚಾಲೂ ಆದ ಗಾಡಿ ನಿನ್ನೆ ಎಂತಕ್ಕೆ ಚಾಲೂ ಆಗ್ಲಿಲ್ಲ? ಆವಾಗ ಬ್ಯಾಟರಿ ಹಳೇದು, ಈಗ ಹೊಸಾದು. ಉಲ್ಟಾ ಆಗ್ಬೇಕಿತ್ತಲ್ಲ ಮಾರಾಯ."

ಅಷ್ಟು ತಿಂಗಳಲ್ಲಿ ಆ ಕಾರಿನ ಬಗ್ಗೆ ಯಾರೇ ಕೇಳಿದ್ರಲ್ಲಿ ಒಳ್ಳೇ ಪ್ರಶ್ನೆ ಅದು, ಕೇಳಿದ್ದು ಮೆಕ್ಯಾನಿಕ್ ಅಲ್ಲ, ಗಣಿತದ ಮಾಸ್ತರು. ನಾನು ತಿರುಗಿ ಕೇಳಿದ್ದು ಇಷ್ಟೇ, "ಮಾಸ್ತರ್ರೇ, ಕರಿ ಕ್ಲಿಪ್ಪು ಅವತ್ತು ಎಲ್ಲಿ ಹಾಕಿದ್ರು, ನಿನ್ನೆ ಎಲ್ಲಿ ಹಾಕಿದ್ರು?" ಅವರಿಗೆ ನೆನಪಿತ್ತು. ಜೂನಲ್ಲಿ ಹುಕ್ಕಿಗೆ, ನಿನ್ನೆ ಬ್ಯಾಟರಿಗೆ.

ಕೇಸು ಅಲ್ಲಿಗೇ ಮುಕ್ಕಾಲು ಮುಗೀತು. ಕರೆಂಟು ಬ್ಯಾಟರಿ ಪ್ಲಸ್ಸಿಂದ ದಪ್ಪ ವೈರಲ್ಲಿ ಸೆಲ್ಫ್ ಮೋಟರಿಗೆ ಹೋಗುತ್ತೆ, ವಾಪಸ್ ಬರೋಕೆ ಬೇರೆ ವೈರಿಲ್ಲ, ಮೋಟರಿನ ಮೈಯೇ ದಾರಿ. ಮೋಟರ್ ಮೈಯಿಂದ ಗೇರ್‌ಬಾಕ್ಸಿಗೆ, ಅಲ್ಲಿಂದ ಒಂದು ಹೆಣೆದ ತಾಮ್ರದ ಪಟ್ಟಿ ಮೂಲಕ ಕಾರಿನ ಬಾಡಿಗೆ, ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ. ಎಂಜಿನ್ನು ಗೇರ್‌ಬಾಕ್ಸು ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಹಾಗಾಗಿ ಆ ಪಟ್ಟಿ ಇಲ್ದಿದ್ರೆ ಎಂಜಿನ್‌ಗೂ ಬಾಡಿಗೂ ಸರಿಯಾದ ಸಂಪರ್ಕಾನೇ ಇಲ್ಲ. ಕರಿ ಕ್ಲಿಪ್ಪು ಎಂಜಿನ್ ಹುಕ್ಕಿಗೆ ಹಾಕಿದಾಗ ಪಟ್ಟಿ ಕಡೆ ಹೋಗ್ದೆ ಕರೆಂಟು ನೇರ ಟೆಂಪೋ ಬ್ಯಾಟರಿಗೆ ವಾಪಸ್ ಹೋಯ್ತು. ಬ್ಯಾಟರಿ ಮೈನಸ್ಸಿಗೆ ಹಾಕಿದಾಗ ಅದೇ ಪಟ್ಟಿ ದಾಟಬೇಕಾಯ್ತು, ದಾಟೋಕಾಗ್ಲಿಲ್ಲ.

ಹೊರಡೋಕೆ ಮುಂಚೆ ಫೋನಲ್ಲೇ ಒಂದು ಟೆಸ್ಟ್ ಮಾಡಿಸ್ದೆ. ಕತ್ತಲಾದ್ಮೇಲೆ ಗೋಡೆಗೆ ಹೆಡ್‌ಲೈಟ್ ಹಾಕಿ, ಕೀ ತಿರುಗಿಸಿ, ಬೆಳಕು ಏನಾಗುತ್ತೆ ನೋಡಿ ಅಂದೆ. ಬ್ಯಾಟರಿ ಸತ್ತಿದ್ರೆ, ಇಲ್ಲ ಬ್ಯಾಟರಿ ಟರ್ಮಿನಲ್ ಸಡಿಲ ಇದ್ರೆ ಬೆಳಕು ಕೆಂಪಗೆ ಕುಗ್ಗುತ್ತೆ ಅಥವಾ ಆರೇ ಹೋಗುತ್ತೆ. ಮೋಟರ್ ಜಾಮ್ ಆಗಿದ್ರೂ ಕುಗ್ಗುತ್ತೆ, ಅದು ಕರೆಂಟನ್ನ ಸಿಕ್ಕಾಪಟ್ಟೆ ಎಳೆಯುತ್ತಲ್ಲ. ಇಲ್ಲಿ 'ಟಕ್' ಅಂದಾಗ ಬೆಳಕು ಕಣ್ಣಿಗೆ ಕಾಣೋ ಹಾಗೆ ಕುಗ್ಗಲೇ ಇಲ್ಲ. ಅಂದ್ರೆ ಬ್ಯಾಟರಿ ಸತ್ತಿಲ್ಲ, ಸೆಲ್ಫ್‌ಗೆ ಬೇಕಾದಷ್ಟು ಕರೆಂಟು ಹೋಗ್ತಿಲ್ಲ. ಹೆಡ್‌ಲೈಟಿನ ಅರ್ತ್ ಇರೋದು ಬಾಡಿಗೆ, ಅದು ಎಂಜಿನ್ ಪಟ್ಟಿ ದಾಟೋದೇ ಇಲ್ಲ, ಅದಕ್ಕೇ ಅದು ಆರಾಮಾಗಿ ಉರೀತಿತ್ತು. "ಲೈಟ್ ಚೆನ್ನಾಗಿ ಬರುತ್ತೆ, ಅರ್ತ್ ಸರಿ ಇದೆ" ಅನ್ನೋರು ಇದನ್ನ ಮರೀತಾರೆ.

ಮೀಟರ್ ಏನು ಹೇಳ್ತು

ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕು, ಕೈ ಬಟ್ಟೆ ಫ್ಯಾನ್ ಬೆಲ್ಟಿಂದ ದೂರ. ಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು, ಮಾಸ್ತರು ಕೀ ಹಿಡಿದಾಗ ಒಂದೊಂದೇ ಜಾಗ ನೋಡ್ತಾ ಹೋದೆ. ಎಲ್ಲ ರೀಡಿಂಗೂ ಕೀ ತಿರುಗಿಸಿ 'ಟಕ್' ಅಂದಮೇಲೆ ತೆಗೆದದ್ದು, ಸುಮ್ನೆ ನಿಂತಾಗಿನದ್ದಲ್ಲ.

ಬ್ಯಾಟರಿ ಎರಡು ಕಂಬದ ನಡುವೆ 11.6. ಪ್ಲಸ್ ಕಡೆ, ಬ್ಯಾಟರಿ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ 0.2, ಚೆನ್ನಾಗಿದೆ. ಮೈನಸ್ ಕಡೆ, ಬ್ಯಾಟರಿ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ 6.8. ಇಲ್ಲಿ 0.2, 0.3 ಒಳಗಿರಬೇಕು. ಮಾಸ್ತರಿಗೆ ಕಳೆಯೋ ಲೆಕ್ಕ ಹೇಳ್ಬೇಕಿರ್ಲಿಲ್ಲ, ಅವರೇ ಹೇಳಿದ್ರು, ಹಾಗಾದ್ರೆ ಸೆಲ್ಫಿಗೆ ಉಳಿದಿದ್ದು ನಾಲ್ಕೂವರೆ ಚಿಲ್ಲರೆ. ಅದ್ರಲ್ಲಿ ಸೊಲೆನಾಯ್ಡ್ ಹಿಡ್ಕೊಂಡು ಕೂರ್ತದೆ, ಎಂಜಿನ್ ತಿರುಗಲ್ಲ.

ಇನ್ನೂ ಸಣ್ಣ ಮಾಡ್ಕೊಂಡು ಬಂದೆ. ಮೈನಸ್ ಕಂಬದಿಂದ ಬಾಡಿಗೆ 0.04. ಬಾಡಿಯಿಂದ ಗೇರ್‌ಬಾಕ್ಸಿಗೆ ಉಳಿದದ್ದೆಲ್ಲ. ನಡುವೆ ಇರೋದು ಆ ಪಟ್ಟಿ ಮಾತ್ರ.

ಬೀಪ್ ಟೆಸ್ಟ್ ಯಾಕೆ ಮೋಸ ಮಾಡ್ತು ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ, ಎಷ್ಟೋ ಹುಡುಗರು ಇದ್ರಲ್ಲೇ ಎಡವೋದು. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸೋಕೆ ಸೆಲ್ಫಿಗೆ ನೂರು ಆಂಪಿಯರ್ ಆಸುಪಾಸು ಬೇಕು. ದಾರೀಲಿ ಬರೀ 0.05 ಓಮ್ ಅಡ್ಡ ಇದ್ರೂ ನೂರು ಆಂಪಿಯರಿಗೆ 5 ವೋಲ್ಟ್ ಅಲ್ಲೇ ಹೋಯ್ತು. ಅದೇ ಜಾಗದಲ್ಲಿ ಮೀಟರು ಬೀಪ್ ಮಾಡೋಕೆ ಕಳಿಸೋದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು, ಒಂದೇ ಒಂದು ಎಳೆ ತಂತಿ ಇದ್ರೂ ಖುಷಿಯಿಂದ ಬೀಪ್ ಹೊಡೀತದೆ. ಓಮ್‌ನಲ್ಲಿ ಇಟ್ರೂ ಗೊತ್ತಾಗಲ್ಲ, ಸಾದಾ ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗಿಸಿದ್ರೇ 0.2, 0.3 ತೋರಿಸುತ್ತೆ, ಅದ್ರಲ್ಲಿ 0.05 ಎಲ್ಲಿ ಕಾಣ್ಬೇಕು. ತೋಟದ ಪೈಪಲ್ಲಿ ಕಸ ಕಟ್ಕೊಂಡಿದ್ರೂ ತುದೀಲಿ ಹನಿ ಬೀಳ್ತಾನೇ ಇರುತ್ತೆ, ಜೆಟ್ ತಿರುಗಲ್ಲ ಅಷ್ಟೇ. ಅದಕ್ಕೇ ಲೋಡ್ ಇರೋವಾಗ ವೋಲ್ಟ್ ಎಲ್ಲಿ ಬೀಳ್ತಿದೆ ಅಂತ ನೋಡೋದು, ವೈರು ಬಿಚ್ಚಿ ಬೀಪ್ ಕೇಳೋದಲ್ಲ.

ಖಾತ್ರಿಗೆ ಜಂಪ್ ಕೇಬಲಿನ ಒಂದೇ ವೈರು ತಗೊಂಡು ಕಾರಿನದೇ ಬ್ಯಾಟರಿ ಮೈನಸ್ಸಿಂದ ಎಂಜಿನ್ ಹುಕ್ಕಿಗೆ ಕಚ್ಚಿಸ್ದೆ. ಬೇರೆ ಬ್ಯಾಟರಿ ಇಲ್ಲ, ಬೇರೆ ಗಾಡಿ ಇಲ್ಲ. ಕೀ ತಿರುಗಿಸಿದ್ರೆ ಸ್ಟಾರ್ಟ್. ಮೀಟರ್ ಇಲ್ದೇ ಇದ್ರೂ ಯಾರು ಬೇಕಾದ್ರೂ ಮಾಡಬಹುದಾದ ಟೆಸ್ಟು ಇದು, ಮೊದಲೇ ಮಾಡಿದ್ರೆ ಬ್ಯಾಟರಿ, ಸೆಲ್ಫು, ಸ್ವಿಚ್ಚು ಮೂರರ ದುಡ್ಡೂ ಉಳೀತಿತ್ತು.

ಇನ್ನೊಂದು ಟೆಸ್ಟು, ಎಂಜಿನ್ ಓಡ್ತಿರೋವಾಗ ವೈರು ತೆಗೆದು, ಹೆಡ್‌ಲೈಟ್ ಹಾಕಿ. ಡೈನಮೋ ಬೋಲ್ಟಿಂದ ಅದರದೇ ಮೈಗೆ 14.3 ಇತ್ತು, ಬ್ಯಾಟರಿ ಹತ್ರ 13.1. ಡೈನಮೋನೂ ಎಂಜಿನ್ ಮೇಲೇ ಕೂತಿರೋದು, ಅದರ ಕರೆಂಟೂ ಅದೇ ಪಟ್ಟಿಯಲ್ಲೇ ಓಡಾಡ್ಬೇಕು. ಹಾಗಾಗಿ ಬ್ಯಾಟರಿ ಯಾವಾಗ್ಲೂ ಅರೆಹೊಟ್ಟೆ. ಜೂನಲ್ಲಿ ಅಂಗಡಿಯವರು ನೋಡಿದ ಆ 12.3 ಇದೇ ಕಾಯಿಲೆಯ ಫಲ, ಅವರು ಅದನ್ನೇ ಕಾಯಿಲೆ ಅಂದ್ಕೊಂಡ್ರು.

ಆಮೇಲೆ ಕ್ಲಚ್ ಕೇಬಲ್. ಪಟ್ಟಿ ಒಪ್ಕೊಳ್ದೇ ಇದ್ದಾಗ ಕರೆಂಟು ಸುಮ್ನೆ ಕೂರಲ್ಲ, ಎಂಜಿನ್‌ನಿಂದ ಬಾಡಿಗೆ ಹೋಗೋ ಬೇರೆ ಯಾವ ಕಬ್ಬಿಣ ಸಿಕ್ಕಿದ್ರೂ ಅದ್ರಲ್ಲಿ ನುಗ್ಗುತ್ತೆ. ಕ್ಲಚ್ ಕೇಬಲಿನ ಹೊರಗಿನ ಸುರುಳಿ ತಂತಿ ಒಂದು ಕಡೆ ಗೇರ್‌ಬಾಕ್ಸಿಗೆ, ಇನ್ನೊಂದು ಕಡೆ ಬಾಡಿಗೆ ತಾಗಿರುತ್ತೆ. ಕೀ ಹಿಡಿದು ಬಿಟ್ಟಮೇಲೆ ಮುಟ್ಟಿ ನೋಡಿದ್ರೆ ಬೆಚ್ಚಗಿತ್ತು. ಒಳಗಿನ ಪ್ಲಾಸ್ಟಿಕ್ ಕೊಳವೆ ಬಿಸಿಗೆ ಮೆತ್ತಗಾಗಿ ತಂತಿಗೆ ಅಂಟ್ಕೊಳ್ತಿತ್ತು, ಪೆಡಲ್ ಬಿಗಿ ಆಗ್ತಿತ್ತು. ಡೂಪ್ಲಿಕೇಟ್ ಅಂತ ಬೈಸ್ಕೊಂಡ ಕೇಬಲಿಂದು ಏನೂ ತಪ್ಪಿರ್ಲಿಲ್ಲ.

ಬೋಲ್ಟ್ ಬಿಚ್ಚಿದಾಗ

ಪಟ್ಟಿಯ ಬಾಡಿ ಕಡೆ ಬೋಲ್ಟು ಅರ್ಧ ಸುತ್ತು ಕೈಯಲ್ಲೇ ತಿರುಗ್ತು. ಬಿಚ್ಚಿದ್ರೆ ಲಗ್ಗಿನ (ಪಟ್ಟಿ ತುದೀಲಿ ಬೋಲ್ಟ್ ಹಾಕೋ ಲೋಹದ ಬಳೆ) ಹಿಂದೆ, ಬಾಡಿ ಶೀಟಿನ ಮೇಲೆ, ಕರಿ ಕೋಟಿಂಗ್ ಒಂದು ಹಾಳೆ ಥರ ಕೂತಿದೆ. ಮೇ ತಿಂಗಳಲ್ಲಿ ಗೇರ್‌ಬಾಕ್ಸ್ ಇಳಿಸೋಕೆ ಪಟ್ಟಿ ಬಿಚ್ಚಿದ್ದಾರೆ, ಬಿಚ್ಚಿದಾಗ್ಲೇ ಕೋಟಿಂಗ್ ಹೊಡೆದಿದ್ದಾರೆ, ಆಮೇಲೆ ಅದರ ಮೇಲೇ ಲಗ್ ಇಟ್ಟು ಬೋಲ್ಟ್ ಹಾಕಿದ್ದಾರೆ. ಮೊದ್ಲು ಬೋಲ್ಟಿನ ಹಲ್ಲು ಮೂಲಕ ಕರೆಂಟು ಹೋಗ್ತಿತ್ತು, ಮಳೆ ಉಪ್ಪುಗಾಳಿ ಸೇರಿ ಹಲ್ಲಿಗೂ ತುಕ್ಕು ಬಂದಮೇಲೆ ಅದೂ ನಿಂತುಹೋಯ್ತು. ಪಟ್ಟಿಯ ಎಳೆಗಳು ಹಸಿರು ಪುಡಿ ಆಗಿದ್ವು. ತುಕ್ಕು ಬರ್ಬಾರ್ದು ಅಂತ ಹೊಡೆದ ಕೋಟಿಂಗೇ ತುಕ್ಕಿಗೆ ಜಾಗ ಮಾಡ್ಕೊಟ್ಟಿತ್ತು.

ರಿಪೇರಿ ಹೇಳೋಷ್ಟೇನಿಲ್ಲ. ಬಾಡಿ ಶೀಟು ಹೊಳೆಯೋ ತನಕ ಉಜ್ಜಿ, 25 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲಿಗೆ ಲಗ್ ಕ್ರಿಂಪ್ ಮಾಡಿ, ಹಲ್ಲಿರೋ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಹೊರಗಿಂದ ವ್ಯಾಸಲೀನ್ ಬಳಿದೆ. ಮೊದಲು ಬಿಗೀಬೇಕು, ಆಮೇಲೆ ಬಳೀಬೇಕು.

ಈಗ ಕ್ರ್ಯಾಂಕ್ ಮಾಡೋವಾಗ, ಅಂದ್ರೆ ಸೆಲ್ಫ್ ಎಂಜಿನ್ ತಿರುಗಿಸ್ತಿರೋವಾಗ, ಎಂಜಿನ್‌ಗೂ ಮೈನಸ್ಸಿಗೂ ನಡುವೆ 0.12. ಬ್ಯಾಟರಿ ಮೇಲೆ 10.4. ಮಾಸ್ತರು ಗಾಬರಿ ಆದ್ರು, ಮೊದಲು 11.6 ಇತ್ತಲ್ಲ, ಕಮ್ಮಿ ಆಯ್ತಲ್ಲ ಅಂತ. ಕಮ್ಮಿ ಆಗ್ಲೇಬೇಕು, ಈಗ ಮೋಟರ್ ನಿಜವಾಗ್ಲೂ ದುಡೀತಿದೆ. ಕ್ರ್ಯಾಂಕಲ್ಲಿ 9.6ಕ್ಕಿಂತ ಕೆಳಗೆ ಹೋಗ್ಬಾರ್ದು ಅಷ್ಟೇ. ಓಡೋವಾಗ ಬ್ಯಾಟರಿ ಹತ್ರ 14.2.

ಹಿಂದೆ ತಿರುಗಿ ನೋಡಿದ್ರೆ

ಈಗ ಆ ಪಾಸಾದ ರಿಪೇರಿಗಳನ್ನ ಒಂದೊಂದಾಗಿ ನೋಡಿ. ಹೊಸ ಬ್ಯಾಟರಿ ಸ್ವಲ್ಪ ಕಾಲ ಕೆಲಸ ಮಾಡಿದ್ದು ಅದು ಫುಲ್ ಚಾರ್ಜಲ್ಲಿ ಬಂದಿತ್ತು ಅಂತ, ಅಡ್ಡ ಇದ್ರೂ ಸ್ವಲ್ಪ ಜಾಸ್ತಿ ತಳ್ಳೋ ತಾಕತ್ತಿತ್ತು. ಚಾರ್ಜ್ ಸರಿ ಆಗದೆ ಅದೂ ಇಳೀತು, 'ಟಕ್' ವಾಪಸ್ ಬಂತು. ಸ್ಪ್ಯಾನರ್ ಏಟಿಗೆ ತಿರುಗಿದ್ದು ಬ್ರಷ್ಷಿಂದಲ್ಲ, ಆ ಕಾರಲ್ಲಿ ಸೆಲ್ಫಿಗೆ ಕೈ ಹೋಗ್ಬೇಕಂದ್ರೆ ಅರ್ತ್ ಪಟ್ಟೀನ ಪಕ್ಕಕ್ಕೆ ಒತ್ತಲೇಬೇಕು, ಸಡಿಲ ಬೋಲ್ಟಲ್ಲಿ ಲಗ್ ಅಲ್ಲಾಡಿ ಎಲ್ಲೋ ಒಂಚೂರು ತಾಗಿದೆ. ಸೆಲ್ಫ್ ಕಟ್ಟಿಸಿದಾಗ್ಲೂ ಅಷ್ಟೇ, ಪಟ್ಟಿಯ ಇನ್ನೊಂದು ತುದಿ ಸೆಲ್ಫನ್ನ ಗೇರ್‌ಬಾಕ್ಸಿಗೆ ಬಿಗಿಯೋ ಬೋಲ್ಟಿಗೇ ಸೇರಿಸಿದ್ದು, ಬಿಚ್ಚಿ ಹಾಕೋವಾಗ ಪಟ್ಟಿ ತಿರುಚಿ ಈ ತುದೀಲಿ ತುಕ್ಕು ಉಜ್ಜಿಹೋಗಿದೆ. ತಳ್ಳಿದ್ರೆ ಹಿಡಿದದ್ದು ಸೆಲ್ಫೇ ಬೇಡ್ದಿದ್ದಕ್ಕೆ, ಮತ್ತೆ ಅದರಿಂದ ಪೆಟ್ರೋಲು, ಸ್ಪಾರ್ಕು, ಕೀ ಚಿಪ್ಪು ಎಲ್ಲ ಸರಿ ಇದೆ ಅಂತ ಅಲ್ಲೇ ಸಾಬೀತಾಗಿತ್ತು.

ಮಾಸ್ತರದ್ದು ಒಂದು ಅಭ್ಯಾಸ ನನಗೆ ತುಂಬ ಉಪಯೋಗ ಆಯ್ತು, ಅವರು ಬದಲಿಸಿದ ಹಳೇ ಸಾಮಾನೆಲ್ಲ ಕೇಳಿ ತಗೊಂಡು ಪ್ಲಾಸ್ಟಿಕ್ ಚೀಲದಲ್ಲಿ ತಾರೀಕು ಬರೆದು ಇಟ್ಟಿದ್ರು. ಸೆಲ್ಫಿನ ಹಳೇ ಬ್ರಷ್ ನೋಡಿದೆ, ಹೊಸದರ ಪಕ್ಕ ಇಟ್ರೆ ಮುಕ್ಕಾಲು ಉದ್ದ ಇನ್ನೂ ಬಾಕಿ. ಆ ಬ್ರಷ್ಷನ್ನ ಅವತ್ತೇ ಯಾರಾದ್ರೂ ಅಳೆದಿದ್ರೆ ಸೆಲ್ಫಿನ ಮೇಲಿನ ಅನುಮಾನ ಅವತ್ತೇ ಹೋಗ್ತಿತ್ತು. ಬ್ಯಾಟರಿ ಮಾತ್ರ ಅಂಗಡಿಗೆ ಹೋಗಿಬಿಟ್ಟಿತ್ತು, ಅದು ಚೆನ್ನಾಗಿತ್ತಾ ಅಂತ ನೋಡೋ ದಾರಿ ಇಲ್ಲ. ಹಾಗಾಗಿ ನಿಮ್ಮ ಗಾಡೀಲಿ ಏನೇ ಬದಲಿಸಿದ್ರೂ ಹಳೇದನ್ನ ಕೇಳಿ ತಗೊಳಿ, ನಾಚಿಕೆ ಬೇಡ.

ಕ್ಲಚ್ ಹೈಡ್ರಾಲಿಕ್, ಆಕ್ಸಿಲರೇಟರ್ ಎಲೆಕ್ಟ್ರಾನಿಕ್ ಇರೋ ಹೊಸ ಕಾರುಗಳಲ್ಲಿ ಬೆಚ್ಚಗಿನ ಕೇಬಲಿನ ಸುಳಿವು ಸಿಗಲ್ಲ. ಅಲ್ಲಿ ಕರೆಂಟು ಸೆನ್ಸರಿನ ತೆಳ್ಳಗಿನ ಅರ್ತ್ ವೈರುಗಳ ಮೇಲೆ ಬೀಳಬಹುದು, ಮೀಟರ್ ಬೋರ್ಡಲ್ಲಿ ಸಂಬಂಧ ಇಲ್ಲದ ಲೈಟುಗಳು ಮಿನುಗೋದು ಕಾಣಬಹುದು. ಬ್ಯಾಟರಿ ಮೈನಸ್ ಮೇಲೆ ಸೆನ್ಸರ್ ಇರೋ ಕಾರುಗಳಲ್ಲಿ ಜಂಪ್ ಕೇಬಲಿನ ಕರಿ ಕ್ಲಿಪ್ಪನ್ನ ನೇರ ಆ ಟರ್ಮಿನಲ್ಲಿಗೆ ಹಾಕ್ಲೇಬೇಡಿ, ಮ್ಯಾನುಯಲಲ್ಲಿ ಹೇಳಿರೋ ಪಾಯಿಂಟಿಗೇ ಹಾಕಿ. ಆದ್ರೆ ಜಂಪ್ ಹೊಡೆದು ಸ್ಟಾರ್ಟ್ ಆದಾಗ "ಬ್ಯಾಟರಿ ಹೋಯ್ತು" ಅನ್ನೋಕೆ ಮುಂಚೆ ಕರಿ ಕ್ಲಿಪ್ಪು ಎಲ್ಲಿತ್ತು ಅಂತ ನೋಡೋದು ಯಾವ ಕಾರಿಗಾದ್ರೂ ಒಂದೇ. ಎಂಜಿನ್ ಕಬ್ಬಿಣಕ್ಕೆ ಹಾಕಿ ಸ್ಟಾರ್ಟ್ ಆಗಿದ್ರೆ ಬ್ಯಾಟರೀನೂ ಇರಬಹುದು, ಅರ್ತೂ ಇರಬಹುದು, ಅಷ್ಟರಿಂದ್ಲೇ ಅಂಗಡಿಗೆ ಓಡೋ ಹಾಗಿಲ್ಲ.

ಕ್ಲಚ್ ಕೇಬಲ್ ಮತ್ತೊಂದು ಹಾಕ್ಬೇಕಾಯ್ತು, ಒಳಗಿನ ಕೊಳವೆ ಕರಗಿಹೋಗಿತ್ತು. ಅದು ಈಗ ಮುಂದಿನ ಮಳೆಗಾಲ ದಾಟಿದ್ರೂ ಮೆತ್ತಗಿದೆ. ಮೇ ತಿಂಗಳಲ್ಲಿ ಕ್ಲಚ್ ಮಾಡಿದ ಗ್ಯಾರೇಜಿನವನಿಗೆ ಬೋಲ್ಟು, ಹಸಿರು ಪಟ್ಟಿ ಎರಡೂ ತೋರಿಸ್ದೆ. ಜಗಳಕ್ಕೆ ಹೋಗಿದ್ದಲ್ಲ, ಅವನೂ ಹಾಗೆ ತಗೊಳ್ಲಿಲ್ಲ. ಅವನ ಅಂಗಳದಲ್ಲಿ ಇನ್ನೊಂದು ಕಾರು ನಿಂತಿತ್ತು, ಅದೂ ಒಂಟಿ 'ಟಕ್' ಕೇಸು, ಇದಕ್ಕೂ ಅರ್ತೇ ಇರ್ಬೇಕು ಅಂತ ಪಟ್ಟಿ ಬಿಚ್ಚೋಕೆ ಹೊರಟ. ಮೊದಲು ಮೀಟರ್ ಇಡು ಅಂದೆ. ಮೈನಸ್ ಕಡೆ 0.1, ಪ್ಲಸ್ ಕಡೆ 0.1, ಸೆಲ್ಫಿನ ಬೋಲ್ಟಿಗೆ ಪೂರ್ತಿ 12 ಬಂದು ನಿಂತಿದೆ, ಮೋಟರ್ ತಿರುಗ್ತಿಲ್ಲ. ಬಿಚ್ಚಿ ನೋಡಿದ್ರೆ ಅದಕ್ಕೆ ನಿಜವಾಗ್ಲೂ ಬ್ರಷ್ಷೇ ಮುಗಿದುಹೋಗಿತ್ತು.